ಒಂದು ಗೋಲಿನಿಂದ ಸೋತಾಗ ಫುಟ್‌ಬಾಲ್ ತಂಡದ ದಾಳಿಯನ್ನು ಒರೆಗೆ ಹಚ್ಚುವುದು ಹೇಗೆ?

ನಾಲ್ಕು ಗೋಲುಗಳಿಂದ ಸೋತ ತಂಡಕ್ಕೆ ತನ್ನ ತಪ್ಪು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಇರುವುದು 0–1 ಅಥವಾ 1–2ರ ಸೋಲಿನಲ್ಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸಂಕಟದಲ್ಲಿ ಎಲ್ಲರ ಕಣ್ಣೂ ಒಂದೇ ಕ್ಷಣಕ್ಕೆ ಅಂಟಿಕೊಳ್ಳುತ್ತದೆ: ಸ್ಟ್ರೈಕರ್ ಗೋಲ್‌ಕೀಪರ್‌ಗೆ ನೇರವಾಗಿ ಒದ್ದ ಆ ಒಂದು ಚೆಂಡು. ಅದು ಒಳಗೆ ಹೋಗಿದ್ದರೆ ದಾಳಿ ಚೆನ್ನಾಗಿತ್ತು, ಹೋಗದಿದ್ದರಿಂದ ಕೆಟ್ಟದಾಗಿತ್ತು ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಇನ್ನೊಂದು ಗುಂಪು ಅದೃಷ್ಟವನ್ನು ಹಳಿದು ಮನೆಗೆ ಹೋಗುತ್ತದೆ. ಎರಡರಿಂದಲೂ ಮುಂದಿನ ಪಂದ್ಯಕ್ಕೆ ಕಿಲುಬು ಕಾಸಿನ ಪ್ರಯೋಜನವಿಲ್ಲ.

ತಂಡದ ದಾಳಿ ಎಂಬುದು ಚೆಂಡು ವಶವಾದ ಗಳಿಗೆಯಿಂದ ಗೋಲಿನತ್ತ ಬಾರಿಸುವ ಹೊಡೆತದವರೆಗಿನ ಸರಪಳಿ. ಅದು ಕಡಿಯುವ ಜಾಗ ಬಹುತೇಕ ಕೊನೆಯ ಹೊಡೆತಕ್ಕಿಂತ ಎರಡು ಮೂರು ಪಾಸ್ ಹಿಂದೆ ಇರುತ್ತದೆ. ಆ ಜಾಗವನ್ನು ಹುಡುಕುವ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ. ಪಂದ್ಯದ ವಿಡಿಯೊ, ಒಂದು ನೋಟ್‌ಬುಕ್, ಮೂರು ನಾಲ್ಕು ಗಂಟೆಗಳ ಬಿಡುವು ಇದ್ದರೆ ಸಾಕು. ದುಬಾರಿ ಸಾಫ್ಟ್‌ವೇರ್ ಇಲ್ಲದವರೂ ಮಾಡಬಹುದು.

ಮೊದಲು ಕಾಗದ, ಆಮೇಲೆ ವಿಡಿಯೊ

ಪಂದ್ಯ ಮುಗಿದ ರಾತ್ರಿಯೇ ವಿಡಿಯೊ ಹಾಕಿಕೊಂಡು ಕೂರಬೇಡಿ. ಅದರ ಬದಲು ನಿಮ್ಮ ನೆನಪಿನಲ್ಲಿರುವುದನ್ನು ಅರ್ಧ ಪುಟ ಬರೆದಿಡಿ: ಎಷ್ಟು ಒಳ್ಳೆಯ ಅವಕಾಶಗಳು ಸಿಕ್ಕವು, ಯಾವ ಬದಿಯಿಂದ ದಾಳಿ ಹರಿತವಾಗಿತ್ತು, ಯಾರು ಚೆನ್ನಾಗಿ ಆಡಿದರು, ಯಾವಾಗ ಆಟ ನಿಮ್ಮ ಕೈಯಲ್ಲಿತ್ತು. ಮರುದಿನ ವಿಡಿಯೊ ನೋಡಿದಾಗ ಈ ಅರ್ಧ ಪುಟದಲ್ಲಿ ಎಷ್ಟು ಸುಳ್ಳಾಯಿತು ಎಂಬುದೇ ನಿಮಗೆ ಸಿಗುವ ಮೊದಲ ಮಾಹಿತಿ. ಕೊನೆಯ ಹತ್ತು ನಿಮಿಷದ ಗದ್ದಲ ನೆನಪಿನಲ್ಲಿ ವಿಪರೀತ ಜಾಗ ಹಿಡಿಯುತ್ತದೆ. ಇಪ್ಪತ್ತನೇ ನಿಮಿಷದ ಸೊಗಸಾದ ಚಲನೆಯನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಮರುದಿನ ಮೊದಲ ಸಲ ಎಲ್ಲಿಯೂ ನಿಲ್ಲಿಸದೆ ಪೂರ್ತಿ ನೋಡಿ. ಎರಡನೇ ಸಲಕ್ಕೆ ಪೆನ್ನು ಹಿಡಿಯಿರಿ. ಮುಖ್ಯಾಂಶಗಳ ತುಣುಕು ನೋಡಿ ತೀರ್ಪು ಕೊಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಹೊಡೆತದಲ್ಲಿ ಮುಗಿದ ದಾಳಿಗಳು ಮಾತ್ರ ಅದರಲ್ಲಿರುತ್ತವೆ. ನಮಗೆ ಬೇಕಾಗಿರುವುದು ಹೊಡೆತವಾಗದೆ ಸತ್ತುಹೋದ ದಾಳಿಗಳು.

ಸ್ಕೋರಿನ ಪ್ರಕಾರ ಪಂದ್ಯವನ್ನು ಭಾಗ ಮಾಡಿ

ಪ್ರಥಮಾರ್ಧ, ದ್ವಿತೀಯಾರ್ಧ ಎಂಬ ವಿಭಜನೆ ದಾಳಿಯ ವಿಶ್ಲೇಷಣೆಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಸ್ಕೋರ್ ಬದಲಾದ ನಿಮಿಷಗಳಲ್ಲಿ ಗೆರೆ ಎಳೆಯಿರಿ. ಸಮಬಲದಲ್ಲಿದ್ದಾಗ, ಮುನ್ನಡೆಯಲ್ಲಿದ್ದಾಗ, ಹಿನ್ನಡೆಯಲ್ಲಿದ್ದಾಗ ಒಂದೇ ತಂಡ ಮೂರು ಬೇರೆ ಬೇರೆ ಆಟ ಆಡುತ್ತದೆ. ಒಂದು ಗೋಲಿನ ಮುನ್ನಡೆ ಸಿಕ್ಕ ಎದುರಾಳಿ ಹಿಂದೆ ಸರಿದು ಪೆನಾಲ್ಟಿ ಬಾಕ್ಸ್ (ಗೋಲಿನ ಮುಂದಿನ ಆಯತ) ಮುಂದೆ ಎರಡು ಸಾಲು ಕಟ್ಟಿ ನಿಲ್ಲುತ್ತದೆ, ಚೆಂಡನ್ನು ನಿಮಗೇ ಬಿಟ್ಟುಕೊಡುತ್ತದೆ. ಆಗ ಚೆಂಡಿನ ಹಿಡಿತ, ಪಾಸ್‌ಗಳ ಸಂಖ್ಯೆ, ಹೊಡೆತಗಳ ಸಂಖ್ಯೆ ಎಲ್ಲವೂ ತಾವಾಗಿ ಏರುತ್ತವೆ. ಪಂದ್ಯದ ಕೊನೆಯಲ್ಲಿ ಪರದೆಯ ಮೇಲೆ ಬರುವ ಅಂಕಿಗಳನ್ನು ತೋರಿಸಿ ‘ನಾವೇ ಮೇಲುಗೈ ಸಾಧಿಸಿದ್ದೆವು’ ಎನ್ನುವವರು ಎದುರಾಳಿಯ ಯೋಜನೆಯನ್ನೇ ತಮ್ಮ ಸಾಧನೆ ಎಂದು ಓದುತ್ತಿರುತ್ತಾರೆ.

ಇದಕ್ಕೆ ಇಟಲಿಗಿಂತ ಕಹಿಯಾದ ಉದಾಹರಣೆ ಸಿಗಲಾರದು. 2022ರ ಮಾರ್ಚ್ 24ರಂದು ಪಲೆರ್ಮೊದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪ್ಲೇಆಫ್‌ನಲ್ಲಿ ಅದು ಉತ್ತರ ಮ್ಯಾಸಿಡೋನಿಯ ವಿರುದ್ಧ 32 ಹೊಡೆತ ಬಾರಿಸಿತು. ಎದುರಾಳಿ ಬಾರಿಸಿದ್ದು ನಾಲ್ಕು. 90 ನಿಮಿಷ ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ ಅಲೆಕ್ಸಾಂಡರ್ ಟ್ರಾಯ್ಕೊವ್‌ಸ್ಕಿ ದೂರದಿಂದ ಹೊಡೆದ ಚೆಂಡು ಗುರಿ ಸೇರಿ, ಯುರೋಪಿನ ಚಾಂಪಿಯನ್ ಆಗಿದ್ದ ತಂಡ ವಿಶ್ವಕಪ್‌ನಿಂದ ಹೊರಬಿತ್ತು. 32 ಎಂಬ ಅಂಕಿಯನ್ನು ಮಾತ್ರ ನೋಡಿದವರಿಗೆ ಅದು ದುರದೃಷ್ಟ. ಆ ಹೊಡೆತಗಳು ಎಲ್ಲಿಂದ, ಎಷ್ಟು ರಕ್ಷಕರ ಕಾಲುಗಳ ನಡುವೆ ಹೋದವು ಎಂದು ನೋಡಿದವರಿಗೆ ಬೇರೆ ಚಿತ್ರ ಕಾಣುತ್ತದೆ.

ದಾಳಿಗಳ ಪಟ್ಟಿ

ಯಾವುದನ್ನು ‘ಒಂದು ದಾಳಿ’ ಎಂದು ಎಣಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿ, ನಡುವೆ ಬದಲಿಸಬೇಡಿ. ನನ್ನ ಸಲಹೆ ಸರಳ: ಚೆಂಡು ನಿಮ್ಮ ವಶದಲ್ಲಿದ್ದು ಮೈದಾನದ ಕೊನೆಯ ಮೂರನೇ ಒಂದು ಭಾಗವನ್ನು ಪ್ರವೇಶಿಸಿದರೆ ಅದು ದಾಳಿ. 105 ಮೀಟರ್ ಮೈದಾನದಲ್ಲಿ ಇದು ಎದುರಾಳಿಯ ಗೋಲಿನಿಂದ 35 ಮೀಟರ್‌ನ ವಲಯ. ವಿಡಿಯೊದಲ್ಲಿ ಈ ಗೆರೆ ಕಾಣುವುದಿಲ್ಲವಾದ್ದರಿಂದ ಬಾಕ್ಸ್‌ನ ಆಳವನ್ನೇ ಅಳತೆಗೋಲು ಮಾಡಿಕೊಳ್ಳಿ. ಅದು 16.5 ಮೀಟರ್, ಅದರ ಎರಡರಷ್ಟು ದೂರ ಎಂದರೆ ಹತ್ತಿರ ಹತ್ತಿರ ಲೆಕ್ಕ ಸರಿಹೋಗುತ್ತದೆ.

ಪ್ರತಿ ದಾಳಿಗೆ ಒಂದು ಸಾಲು. ಆ ಸಾಲಿನಲ್ಲಿ ನಿಮಿಷ, ಆಗಿನ ಸ್ಕೋರ್, ಚೆಂಡು ಎಲ್ಲಿ ವಶವಾಯಿತು, ವಲಯದೊಳಗೆ ಹೋದದ್ದು ಎಡದಿಂದಲೋ ಮಧ್ಯದಿಂದಲೋ ಬಲದಿಂದಲೋ, ಬಾಕ್ಸ್ ಒಳಗೆ ಚೆಂಡು ಮುಟ್ಟಿತೋ ಇಲ್ಲವೋ, ಕೊನೆಗೆ ಏನಾಯಿತು ಎಂದು ಬರೆಯಿರಿ. ಅಭಿಪ್ರಾಯ ಬರೆಯಬೇಡಿ. ‘ಕೆಟ್ಟ ಪಾಸ್’ ಎನ್ನುವುದು ಅಭಿಪ್ರಾಯ, ‘ಮಧ್ಯದಲ್ಲಿ ಪಾಸ್ ತಡೆಯಲ್ಪಟ್ಟಿತು’ ಎನ್ನುವುದು ದಾಖಲೆ.

ಊಹೆಯ ಒಂದು ತಂಡವನ್ನು ತೆಗೆದುಕೊಳ್ಳೋಣ. 31ನೇ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು 0–1ರಿಂದ ಸೋತಿದೆ. ಪಟ್ಟಿಯ ಪ್ರಕಾರ ಒಟ್ಟು 48 ದಾಳಿಗಳು, ಅವುಗಳಲ್ಲಿ 17 ಬಾಕ್ಸ್ ಮುಟ್ಟಿವೆ, 13 ಹೊಡೆತಗಳಾಗಿವೆ. ಕೇಳಲು ಚೆನ್ನಾಗಿಯೇ ಇದೆ. ಈಗ 31ನೇ ನಿಮಿಷದಲ್ಲಿ ಗೆರೆ ಎಳೆಯಿರಿ. ಅದಕ್ಕೂ ಮೊದಲು 14 ದಾಳಿ, ಬಾಕ್ಸ್ ಮುಟ್ಟಿದ್ದು 7, ಹೊಡೆತ 5. ಆಮೇಲೆ 34 ದಾಳಿ, ಬಾಕ್ಸ್ ಮುಟ್ಟಿದ್ದು 10, ಹೊಡೆತ 8. ಮೊದಲು ಎರಡು ದಾಳಿಗೆ ಒಂದು ಬಾಕ್ಸ್ ತಲುಪುತ್ತಿತ್ತು, ಗೋಲು ಬಿಟ್ಟುಕೊಟ್ಟ ಮೇಲೆ ಮೂರಕ್ಕೆ ಒಂದೂ ತಲುಪಲಿಲ್ಲ. ತಂಡ ಹೆಚ್ಚು ದಾಳಿ ಮಾಡಿದೆ, ಕಡಿಮೆ ಒಳಹೊಕ್ಕಿದೆ.

ಹೊಡೆತಗಳನ್ನು ತೂಗುವುದು

ವೃತ್ತಿಪರ ಫುಟ್‌ಬಾಲ್‌ನಲ್ಲಿ ಸರಿಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲು ಬರುತ್ತದೆ. ಆದರೆ ಈ ಸರಾಸರಿಯೊಳಗೆ ಅಜಗಜಾಂತರವಿದೆ. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರಕ್ಕಿಂತ ತುಸು ಹೆಚ್ಚು ಗೋಲಾಗುತ್ತವೆ. ಬಾಕ್ಸ್ ಹೊರಗಿನಿಂದ ಹೊಡೆದದ್ದು ನೂರಕ್ಕೆ ಮೂರೋ ನಾಲ್ಕೋ. ಪ್ರತಿ ಹೊಡೆತಕ್ಕೂ ಅದು ಗೋಲಾಗುವ ಸಂಭವವನ್ನು ಸೊನ್ನೆಯಿಂದ ಒಂದರ ನಡುವಿನ ಅಂಕಿಯಾಗಿ ಕೊಟ್ಟು ಕೂಡಿಸುವ ಪದ್ಧತಿಯೇ ‘ನಿರೀಕ್ಷಿತ ಗೋಲು’, ಎಕ್ಸ್‌ಜಿ. ದೊಡ್ಡ ಲೀಗ್‌ಗಳ ಪಂದ್ಯಗಳಿಗೆ ಇದು ಸಿದ್ಧವಾಗಿಯೇ ಸಿಗುತ್ತದೆ. ಸಿಗದವರು ನಾಲ್ಕು ದರ್ಜೆ ಮಾಡಿಕೊಂಡರೆ ಒರಟಾದರೂ ಉಪಯುಕ್ತವಾದ ಲೆಕ್ಕ ಬರುತ್ತದೆ.

ಗೋಲಿನ ಎದುರು, ಆರೇಳು ಮೀಟರ್ ಒಳಗೆ, ಕಾಲಿನಿಂದ ಹೊಡೆದದ್ದು ಅಥವಾ ಗೋಲ್‌ಕೀಪರ್ ಒಬ್ಬನೇ ಎದುರಿಗಿರುವುದು ‘ಅ’ ದರ್ಜೆ, ಬೆಲೆ 0.35. ಪೆನಾಲ್ಟಿ ಚುಕ್ಕೆಯ ಆಸುಪಾಸಿನಿಂದ, ದಾರಿ ತೆರೆದಿರುವಾಗ ಹೊಡೆದದ್ದು ‘ಆ’, 0.15. ಬಾಕ್ಸ್ ಒಳಗಿದ್ದರೂ ಕೋನ ಕಿರಿದು, ರಕ್ಷಕರು ಅಡ್ಡ, ಅಥವಾ ತಲೆಯಿಂದ ಹೊಡೆದದ್ದು ‘ಇ’, 0.07. ಬಾಕ್ಸ್ ಹೊರಗಿನದು ‘ಈ’, 0.03. ಒಂದೇ ಜಾಗದಿಂದ ಕಾಲಿನ ಹೊಡೆತಕ್ಕಿಂತ ಹೆಡರ್ ಗೋಲಾಗುವುದು ಕಡಿಮೆ ಎಂಬುದನ್ನು ಮರೆಯಬೇಡಿ. ಎತ್ತರದ ಸ್ಟ್ರೈಕರ್ ಇರುವ ತಂಡಗಳು ಇದನ್ನು ಒಪ್ಪಲು ಹಟ ಮಾಡುತ್ತವೆ.

ನಮ್ಮ ಊಹೆಯ ತಂಡದ 13 ಹೊಡೆತಗಳಲ್ಲಿ ‘ಅ’ ಒಂದು, ‘ಆ’ ಎರಡು, ‘ಇ’ ನಾಲ್ಕು, ‘ಈ’ ಆರು. ಕೂಡಿದರೆ 1.11. ಸುಮಾರು ಒಂದು ಗೋಲಿನ ಆಟ. ಹಾಗಾದರೆ ಸೊನ್ನೆ ಬಂದದ್ದು ದುರದೃಷ್ಟವೇ? ಗುಣಾಕಾರ ಮಾಡಿ ನೋಡಿ. ಪ್ರತಿ ಹೊಡೆತವೂ ತಪ್ಪುವ ಸಂಭವಗಳನ್ನು, ಅಂದರೆ 0.65 ಒಂದು ಸಲ, 0.85 ಎರಡು ಸಲ, 0.93 ನಾಲ್ಕು ಸಲ, 0.97 ಆರು ಸಲ ಗುಣಿಸಿದರೆ 0.29 ಬರುತ್ತದೆ. ಇಂಥ ಹತ್ತು ಪಂದ್ಯ ಆಡಿದರೆ ಸರಿಸುಮಾರು ಮೂರರಲ್ಲಿ ತಂಡ ಗೋಲಿಲ್ಲದೆ ಹಿಂದಿರುಗುತ್ತದೆ. ಇದು ಆಘಾತವಲ್ಲ, ಸಾಮಾನ್ಯ ಸಂಗತಿ. ಒಂದು ಪಂದ್ಯದ ಸೊನ್ನೆಯನ್ನು ಹಿಡಿದುಕೊಂಡು ಸ್ಟ್ರೈಕರ್‌ನ ತಲೆದಂಡ ಕೇಳುವವರಿಗೆ ಈ 0.29 ಅನ್ನು ತೋರಿಸಿ.

ಆದರೆ ಅಲ್ಲಿಗೇ ನಿಲ್ಲಿಸಿ ಸಮಾಧಾನಪಡಬೇಡಿ. ಮತ್ತೆ 31ನೇ ನಿಮಿಷದ ಗೆರೆಗೆ ಬನ್ನಿ. ಮೊದಲ ಐದು ಹೊಡೆತಗಳಲ್ಲಿ ಒಂದು ‘ಅ’, ಒಂದು ‘ಆ’, ಎರಡು ‘ಇ’, ಒಂದು ‘ಈ’ ಇದ್ದವು, ಮೊತ್ತ 0.67. ನಂತರದ ಎಂಟರಲ್ಲಿ ‘ಅ’ ಇಲ್ಲವೇ ಇಲ್ಲ, ಐದು ಬಾಕ್ಸ್ ಹೊರಗಿನವು, ಮೊತ್ತ 0.44. ಅರ್ಧ ಗಂಟೆಯಲ್ಲಿ ಗಳಿಸಿದ್ದಕ್ಕಿಂತ ಕಡಿಮೆ ಬೆಲೆಯ ಅವಕಾಶಗಳನ್ನು ಉಳಿದ ಒಂದು ಗಂಟೆಯಲ್ಲಿ ಗಳಿಸಿದೆ, ಅದೂ ಎರಡು ಪಟ್ಟಿಗಿಂತ ಹೆಚ್ಚು ದಾಳಿ ಮಾಡಿ. ಕೊನೆಯ ಒಂದು ಗಂಟೆಯ ‘ಮೇಲುಗೈ’ಯ ಬಂಡವಾಳ ಇಷ್ಟೇ.

ಹೊಡೆತವೇ ಆಗದ ದಾಳಿಗಳು

ನಿಜವಾದ ಕೆಲಸ ಇಲ್ಲಿಂದ ಶುರು. ಎಕ್ಸ್‌ಜಿ ಹೊಡೆತವನ್ನು ಮಾತ್ರ ತೂಗುತ್ತದೆ. ಗೋಲಿನ ಮುಂದೆ ಅಡ್ಡ ಹಾದುಹೋದ, ಯಾರ ಕಾಲಿಗೂ ತಾಗದ ಪಾಸ್‌ಗೆ ಅದರ ಲೆಕ್ಕದಲ್ಲಿ ಬೆಲೆ ಸೊನ್ನೆ. ನಮ್ಮ ಪಟ್ಟಿಯಲ್ಲಿ ಹೊಡೆತವಾಗದ ದಾಳಿಗಳು 35. ಅವು ಹೇಗೆ ಸತ್ತವು? ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಕಳಿಸುವ ಚೆಂಡು) ಹಾಕಿ ರಕ್ಷಕರು ತೆರವುಗೊಳಿಸಿದ್ದು 16, ಮಧ್ಯದಲ್ಲಿ ಪಾಸ್ ತಡೆಯಲ್ಪಟ್ಟಿದ್ದು 8, ಡ್ರಿಬಲ್ ಮಾಡಲು, ಅಂದರೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಎದುರಾಳಿಯನ್ನು ದಾಟಲು ಹೋಗಿ ಕಳೆದುಕೊಂಡದ್ದು 5, ಆಫ್‌ಸೈಡ್ (ಪಾಸ್ ಹೊರಡುವ ಮೊದಲೇ ರಕ್ಷಣಾ ಸಾಲನ್ನು ದಾಟಿ ನಿಂತ ತಪ್ಪು) 3, ಕಾರ್ನರ್ ಅಥವಾ ಫ್ರೀ ಕಿಕ್ ಗಳಿಸಿದ್ದು 3.

ಹದಿನಾರು ಎಂಬುದು ಕಣ್ಣಿಗೆ ಹೊಡೆಯುತ್ತದೆ. ತಕ್ಷಣ ‘ಕ್ರಾಸ್ ನಿಲ್ಲಿಸಿ’ ಎನ್ನುವ ಮುನ್ನ ಛೇದವನ್ನು ಹುಡುಕಿ. ವಿಫಲವಾದವು ಎಷ್ಟು ಎನ್ನುವುದರ ಜೊತೆ ಒಟ್ಟು ಹಾಕಿದ್ದೆಷ್ಟು ಎಂಬುದೂ ಬೇಕು. ಫುಟ್‌ಬಾಲ್ ವಿಶ್ಲೇಷಣೆಯ ಇತಿಹಾಸದ ಅತಿ ದುಬಾರಿ ತಪ್ಪು ಈ ಛೇದದ್ದೇ. ಚಾರ್ಲ್ಸ್ ರೀಪ್ ಎಂಬ ಬ್ರಿಟಿಷ್ ವಾಯುಪಡೆಯ ಅಧಿಕಾರಿ 1950ರಿಂದ ಪಂದ್ಯಗಳನ್ನು ಕೈಯಿಂದಲೇ ದಾಖಲಿಸುತ್ತಾ ಬಂದರು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ಚಲನೆಯಿಂದ ಬರುತ್ತವೆ ಎಂದು ಕಂಡುಕೊಂಡು, ಚೆಂಡನ್ನು ಬೇಗ ಮುಂದಕ್ಕೆ ಒದೆಯುವುದೇ ಸರಿ ಎಂದು ವಾದಿಸಿದರು. ಆದರೆ ಆಟದ ಬಹುಪಾಲು ಚಲನೆಗಳೇ ಮೂರು ಪಾಸ್‌ಗಳೊಳಗೆ ಮುಗಿಯುತ್ತವೆ. ಪ್ರತಿ ಚಲನೆಗೆ ಎಷ್ಟು ಗೋಲು ಎಂದು ಭಾಗಿಸಿ ನೋಡಿದವರಿಗೆ ಬೇರೆಯೇ ಉತ್ತರ ಸಿಕ್ಕಿತು. ಅಷ್ಟರಲ್ಲಿ ಆ ವಾದ ಇಂಗ್ಲಿಷ್ ಫುಟ್‌ಬಾಲ್‌ನ ಒಂದು ದೊಡ್ಡ ವರ್ಗವನ್ನು ಆವರಿಸಿಕೊಂಡಿತ್ತು.

ನಮ್ಮ ತಂಡ ಒಟ್ಟು 20 ಕ್ರಾಸ್ ಹಾಕಿದೆ ಎಂದುಕೊಳ್ಳಿ, ನಾಲ್ಕು ಹೊಡೆತವಾಗಿವೆ. ಈಗ ಅವುಗಳನ್ನು ಹಾಕಿದ ಜಾಗದ ಪ್ರಕಾರ ಒಡೆಯಿರಿ. ಬಾಕ್ಸ್‌ನ ಅಂಚಿಗೂ ಹಿಂದಿನಿಂದ, ಬದಿಗೆರೆಯ ಹತ್ತಿರದಿಂದ ಎತ್ತಿ ಹಾಕಿದ್ದು 15, ಅವುಗಳಿಂದ ಹೊಡೆತ ಒಂದೇ. ಗೋಲು ಗೆರೆಯವರೆಗೆ ನುಗ್ಗಿ ಹಿಂದಕ್ಕೆ ನೆಲದ ಮೇಲೆ ಕೊಟ್ಟದ್ದು 5, ಅವುಗಳಿಂದ ಹೊಡೆತ ಮೂರು. ಅಂದರೆ ಕ್ರಾಸ್‌ನದು ತಪ್ಪಲ್ಲ. ಅದನ್ನು ಅವಸರದಲ್ಲಿ, ಹತ್ತು ಮೀಟರ್ ಹಿಂದಿನಿಂದ ಹಾಕಿದ್ದು ತಪ್ಪು.

ಅವಸರ ಏಕಾಯಿತು ಎಂಬುದಕ್ಕೆ ಪಟ್ಟಿ ಉತ್ತರ ಕೊಡುವುದಿಲ್ಲ, ಸ್ಥಿರಚಿತ್ರ ಕೊಡುತ್ತದೆ. ಸತ್ತ ಪ್ರತಿ ದಾಳಿಯಲ್ಲೂ ಚೆಂಡು ಕೈತಪ್ಪಿದ ಕ್ಷಣಕ್ಕೆ ಹೋಗಿ, ಅಲ್ಲಿಂದ ಮೂರು ಸೆಕೆಂಡ್ ಹಿಂದೆ ಬಂದು ವಿಡಿಯೊ ನಿಲ್ಲಿಸಿ. 67ನೇ ನಿಮಿಷದ ಒಂದು ದೃಶ್ಯ ಹೀಗಿರಬಹುದು. ಬಲ ವಿಂಗರ್ (ಬಲಬದಿಯ ದಾಳಿಗಾರ) ಬದಿಗೆರೆಗೆ ಬೆನ್ನು ಕೊಟ್ಟು ಚೆಂಡು ಪಡೆದಿದ್ದಾನೆ. ಅವನೆದುರು ಒಬ್ಬ ರಕ್ಷಕ, ಎರಡು ಹೆಜ್ಜೆ ಒಳಗೆ ಇನ್ನೊಬ್ಬ. ಬಾಕ್ಸ್‌ನಲ್ಲಿ ನಮ್ಮವರು ಇಬ್ಬರು, ಅವರ ಸುತ್ತ ಎದುರಾಳಿಗಳು ಐವರು. ಬಾಕ್ಸ್‌ನ ಅರ್ಧವೃತ್ತದ ಬಳಿ ನಮ್ಮ ಮಿಡ್‌ಫೀಲ್ಡರ್ ಒಬ್ಬನೇ ನಿಂತು ಎರಡೂ ಕೈ ಚಾಚಿ ಚೆಂಡು ಕೇಳುತ್ತಿದ್ದಾನೆ, ಸುತ್ತ ನಾಲ್ಕು ಮೀಟರ್‌ವರೆಗೆ ಯಾರೂ ಇಲ್ಲ. ಬಲ ಬ್ಯಾಕ್ (ಬಲಬದಿಯ ರಕ್ಷಕ) ಹಿಂದಿನಿಂದ ಓಡಿಬರುವ ಬದಲು ಮಧ್ಯರೇಖೆಯ ಹತ್ತಿರ ನಿಂತು ನೋಡುತ್ತಿದ್ದಾನೆ. ವಿಂಗರ್‌ನ ತಲೆ ಚೆಂಡಿನ ಮೇಲೆ ಬಾಗಿದೆ. ಮುಂದಿನ ಕ್ಷಣ ಕ್ರಾಸ್, ರಕ್ಷಕನ ಹೆಡರ್, ದಾಳಿ ಮುಗಿಯಿತು.

ಗ್ಯಾಲರಿಯಿಂದ ನೋಡಿದವರಿಗೆ ಇದು ‘ವಿಂಗರ್‌ನ ಕೆಟ್ಟ ಕ್ರಾಸ್’. ಸ್ಥಿರಚಿತ್ರದಲ್ಲಿ ಕಾಣುವ ತಪ್ಪು ಮೂರು: ವಿಂಗರ್ ಚೆಂಡು ಬರುವ ಮೊದಲು ಭುಜದ ಮೇಲಿಂದ ಒಮ್ಮೆಯೂ ತಿರುಗಿ ನೋಡಿಲ್ಲ, ಬಲ ಬ್ಯಾಕ್ ಓಡಿ ಎರಡನೇ ರಕ್ಷಕನನ್ನು ಸೆಳೆದಿಲ್ಲ, ಮತ್ತು ಪಾಸ್ ವಿಂಗರ್‌ನ ಕಾಲಿಗೆ ಬಂದದ್ದು ಎದುರಾಳಿಯ ಸಾಲು ಪೂರ್ತಿ ಜರುಗಿ ಸಿದ್ಧವಾದ ಮೇಲೆ. ಮೂರನೆಯದು ಎಡಬದಿಯಿಂದ ಬಲಬದಿಗೆ ಚೆಂಡನ್ನು ನಾಲ್ಕು ನಿಧಾನ ಪಾಸ್‌ಗಳಲ್ಲಿ ಸಾಗಿಸಿದವರ ತಪ್ಪು. ವಿಂಗರ್‌ಗೆ ಬೈದರೆ ಮೂರರಲ್ಲಿ ಒಂದು ಮಾತ್ರ ಸರಿಹೋಗುತ್ತದೆ.

ಪ್ರತಿ ಚಿತ್ರಕ್ಕೂ ಕೇಳಬೇಕಾದದ್ದು ಇಷ್ಟು: ಯಾರು ಬಿಡುವಾಗಿದ್ದರು? ಚೆಂಡು ಇದ್ದವನಿಗೆ ಅವರು ಕಾಣುವಂತಿತ್ತೇ? ಎದುರಾಳಿಯ ರಕ್ಷಣಾ ಸಾಲಿನ ಹಿಂದಕ್ಕೆ ಯಾರಾದರೂ ಓಡುತ್ತಿದ್ದರೇ, ಅಥವಾ ಎಲ್ಲರೂ ಕಾಲಿಗೇ ಚೆಂಡು ಬೇಡುತ್ತಿದ್ದರೇ? ಕೊನೆಯ ಪ್ರಶ್ನೆಯನ್ನು ತುಸು ಒತ್ತಿ ಕೇಳಿ. ಹಿನ್ನಡೆಯಲ್ಲಿರುವ ತಂಡಗಳಲ್ಲಿ ಓಟ ಸಾಯುತ್ತದೆ, ಎಲ್ಲರಿಗೂ ಚೆಂಡು ಮುಟ್ಟುವ ಆಸೆ ಹುಟ್ಟುತ್ತದೆ.

ಆಫ್‌ಸೈಡ್‌ಗಳನ್ನು ಪ್ರತ್ಯೇಕವಾಗಿ ನೋಡಿ. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯ ವಿರುದ್ಧ 1–2ರಿಂದ ಸೋತ ಅರ್ಜೆಂಟೀನಾ ಪ್ರಥಮಾರ್ಧದಲ್ಲೇ ಚೆಂಡನ್ನು ಮೂರು ಬಾರಿ ಬಲೆ ಸೇರಿಸಿ, ಮೂರನ್ನೂ ಆಫ್‌ಸೈಡ್‌ಗೆ ಕಳೆದುಕೊಂಡಿತು. ಮೇಲೇರಿ ನಿಂತ ರಕ್ಷಣಾ ಸಾಲಿನ ಹಿಂದೆ ಜಾಗ ಇತ್ತು, ತಂಡ ಅದನ್ನು ಕಂಡುಕೊಂಡಿತ್ತು, ಓಟದ ಹೊತ್ತು ಮಾತ್ರ ತಪ್ಪಿತು. ಇಂಥ ತಪ್ಪು ಆಶಾದಾಯಕ. ಆ ತಂಡವೇ ಕಪ್ ಗೆದ್ದಿತು. ಆಫ್‌ಸೈಡ್‌ ಎಂಬುದನ್ನು ಬರೀ ‘ವ್ಯರ್ಥ ದಾಳಿ’ ಎಂದು ದಾಖಲಿಸಿದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಚೆಂಡು ಎಲ್ಲಿ ಸಿಕ್ಕಿತು

ಪಟ್ಟಿಯ ಮೂರನೇ ಅಂಕಣಕ್ಕೆ ಹೋಗಿ. ಎದುರಾಳಿಯ ಅರ್ಧದಲ್ಲಿ ಚೆಂಡು ಕಸಿದು ಶುರುವಾದ ದಾಳಿಗಳು ಎಷ್ಟು? ಅವುಗಳಲ್ಲಿ ಎಷ್ಟನ್ನು ತಂಡ ತಕ್ಷಣ ಮುಂದಕ್ಕೆ ಒಯ್ದಿತು, ಎಷ್ಟನ್ನು ಹಿಂದಕ್ಕೆ ಪಾಸ್ ಮಾಡಿ ಎದುರಾಳಿಗೆ ಸಾಲು ಸರಿಪಡಿಸಿಕೊಳ್ಳಲು ಸಮಯ ಕೊಟ್ಟಿತು? ಚೆಂಡು ಕಸಿದ ಮೊದಲ ಐದಾರು ಸೆಕೆಂಡ್ ಎದುರಾಳಿ ಚೆಲ್ಲಾಪಿಲ್ಲಿಯಾಗಿರುತ್ತದೆ. ಸುರಕ್ಷಿತವಾಗಿ ಹಿಂದಕ್ಕೆ ಕೊಟ್ಟ ಪಾಸ್ ಅಂಕಿಗಳಲ್ಲಿ ‘ಯಶಸ್ವಿ’ ಎಂದೇ ದಾಖಲಾಗುವುದರಿಂದ ಪಾಸ್‌ಗಳ ನಿಖರತೆಯ ಶೇಕಡಾವಾರನ್ನು ನಾನು ಈ ಕೆಲಸಕ್ಕೆ ನೋಡುವುದೇ ಇಲ್ಲ.

ಕಾರ್ನರ್ ಮತ್ತು ಫ್ರೀ ಕಿಕ್

ಇವನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಚಲಿಸುವ ಆಟದ ಲೆಕ್ಕದೊಂದಿಗೆ ಬೆರೆಸಿದರೆ ಎರಡೂ ಹಾಳಾಗುತ್ತವೆ. 2018ರ ವಿಶ್ವಕಪ್‌ನ 169 ಗೋಲುಗಳಲ್ಲಿ ಪೆನಾಲ್ಟಿಗಳೂ ಸೇರಿದಂತೆ ಶೇ 40ಕ್ಕೂ ಹೆಚ್ಚು ನಿಂತ ಚೆಂಡಿನಿಂದಲೇ ಬಂದವು. ಒಂದು ಗೋಲಿನ ಅಂತರದ ಸೋಲಿನಲ್ಲಿ ಎಂಟು ಕಾರ್ನರ್‌ಗಳು ಒಂದೂ ಹೊಡೆತವಾಗದೆ ಹೋಗಿದ್ದರೆ ಅದು ಪ್ರತ್ಯೇಕ ವಿಚಾರಣೆಗೆ ಯೋಗ್ಯ. ಮೊದಲ ಸಂಪರ್ಕ ಯಾರದು ಎಂಬುದೊಂದನ್ನು ಬರೆದರೂ ಸಾಕು. ಎಂಟರಲ್ಲಿ ಏಳು ಸಲ ಹತ್ತಿರದ ಕಂಬದ ಬಳಿಯ ಮೊದಲ ರಕ್ಷಕನೇ ಚೆಂಡು ತೆಗೆದಿದ್ದರೆ ತೊಂದರೆ ಒದೆಯುವವನ ಕಾಲಿನಲ್ಲಿದೆ, ಬಾಕ್ಸ್ ಒಳಗಿನವರಲ್ಲಿ ಅಲ್ಲ.

ಬದಲಿ ಆಟಗಾರರು

ಬದಲಾವಣೆಯ ನಿಮಿಷಗಳಲ್ಲಿ ಇನ್ನೊಂದು ಗೆರೆ ಎಳೆದು ಹಿಂದಿನ ಹದಿನೈದು ನಿಮಿಷ, ಮುಂದಿನ ಹದಿನೈದು ನಿಮಿಷಗಳನ್ನು ಹೋಲಿಸಿ. ಗೋಲು ಬೇಕಾದಾಗ ಇನ್ನೊಬ್ಬ ಸ್ಟ್ರೈಕರ್‌ನನ್ನು ಇಳಿಸುವುದು ತರಬೇತುದಾರರ ರೂಢಿ. ಆದರೆ ಅವನಿಗಾಗಿ ಹೊರಬಂದವನು ಮಿಡ್‌ಫೀಲ್ಡರ್ ಆಗಿದ್ದರೆ, ಮುಂದೆ ಮೂವರು ಕಾಯುತ್ತಾ ನಿಂತು ಅವರಿಗೆ ಚೆಂಡು ತಲುಪಿಸುವವರೇ ಇರುವುದಿಲ್ಲ. ಬದಲಾವಣೆಯ ನಂತರ ಬಾಕ್ಸ್ ಮುಟ್ಟಿದ ದಾಳಿಗಳು ಕಡಿಮೆಯಾಗಿ, ಉದ್ದ ಒದೆತಗಳು ಹೆಚ್ಚಾಗಿದ್ದರೆ ಹೀಗೆ ಆಗಿದೆ ಎಂದೇ ಅರ್ಥ. ಈ ವಿಶ್ಲೇಷಣೆಯನ್ನು ತರಬೇತುದಾರನೇ ಮಾಡುತ್ತಿದ್ದರೆ ಈ ಭಾಗವನ್ನು ಬೇರೊಬ್ಬರ ಕೈಗೆ ಕೊಡುವುದು ಒಳ್ಳೆಯದು.

ಎದುರಾಳಿಯ ಪಾಲೂ ಇದೆ. ಲೀಗ್‌ನ ಅತ್ಯಂತ ಗಟ್ಟಿ ರಕ್ಷಣೆಯ ಎದುರು 1.11 ಗಳಿಸುವುದು ಬೇರೆ, ಕೊನೆಯ ಸ್ಥಾನದ ತಂಡದೆದುರು ಗಳಿಸುವುದು ಬೇರೆ. ಅದೇ ಎದುರಾಳಿ ಹಿಂದಿನ ಐದಾರು ಪಂದ್ಯಗಳಲ್ಲಿ ಎಷ್ಟು ಅವಕಾಶ ಬಿಟ್ಟುಕೊಟ್ಟಿತ್ತು ಎಂಬುದು ಸಿಕ್ಕರೆ ಪಕ್ಕದಲ್ಲಿ ಬರೆದಿಡಿ. ಕೆಂಪು ಕಾರ್ಡ್, ಭಾರಿ ಮಳೆ ಇವನ್ನೂ ನಮೂದಿಸಿ.

ಆಟಗಾರರನ್ನು ಕೇಳುವುದು

ಅಂಕಿಗಳನ್ನು ಹಿಡಿದು ಡ್ರೆಸಿಂಗ್ ಕೊಠಡಿಗೆ ನುಗ್ಗಬೇಡಿ. ದಾಳಿಯಲ್ಲಿದ್ದ ಮೂವರನ್ನು ಒಬ್ಬೊಬ್ಬರಾಗಿ ಕೂರಿಸಿ, ಸ್ಥಿರಚಿತ್ರ ತೋರಿಸಿ, ‘ಇಲ್ಲಿ ನಿನಗೆ ಏನು ಕಾಣುತ್ತಿತ್ತು?’ ಎಂದು ಕೇಳಿ. ‘ಏಕೆ ಹಾಗೆ ಮಾಡಿದೆ?’ ಎಂದರೆ ಸಮರ್ಥನೆ ಬರುತ್ತದೆ, ‘ಏನು ಕಾಣುತ್ತಿತ್ತು?’ ಎಂದರೆ ಮಾಹಿತಿ ಬರುತ್ತದೆ. ಮಿಡ್‌ಫೀಲ್ಡರ್ ತನಗೆ ಕಾಣಲೇ ಇಲ್ಲ ಎಂದು ವಿಂಗರ್ ಹೇಳಬಹುದು. ಬಲ ಬ್ಯಾಕ್ ತನಗೆ ಹಿಂದೆಯೇ ನಿಲ್ಲಲು ಹೇಳಿದ್ದರು ಎನ್ನಬಹುದು. ಎರಡನೆಯ ಉತ್ತರ ಬಂದರೆ ತಪ್ಪು ಮೈದಾನದಲ್ಲಿ ಅಲ್ಲ, ಪಂದ್ಯಪೂರ್ವದ ಯೋಜನೆಯಲ್ಲಿದೆ.

ತೀರ್ಪು ಬರೆಯುವುದು

ಕೊನೆಗೆ ಒಂದು ಪುಟ, ಅದಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಹಿಂದಿನ ಐದು ಪಂದ್ಯಗಳ ಇದೇ ಅಂಕಿಗಳನ್ನು ಪಕ್ಕಕ್ಕಿಡಿ. ಬಾಕ್ಸ್ ಮುಟ್ಟಿದ ಪ್ರಮಾಣ, ‘ಅ’ ಮತ್ತು ‘ಆ’ ದರ್ಜೆಯ ಹೊಡೆತಗಳು ಎಂದಿನಂತೆಯೇ ಇದ್ದು ಗೋಲು ಮಾತ್ರ ಬರದಿದ್ದರೆ ಆಟದ ಪದ್ಧತಿಗೆ ಕೈ ಹಾಕಬೇಡಿ. 2010ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಸ್ವಿಟ್ಜರ್ಲೆಂಡ್‌ಗೆ 0–1ರಿಂದ ಸೋತ ಸ್ಪೇನ್ ತನ್ನ ಆಟವನ್ನು ಬುಡಮೇಲು ಮಾಡಲಿಲ್ಲ. ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಆಡುವ ಅದೇ ಪದ್ಧತಿಯಲ್ಲಿ ಉಳಿದ ಪಂದ್ಯಗಳನ್ನೆಲ್ಲ ಗೆದ್ದು ಕಪ್ ಎತ್ತಿತು. ಹೊಡೆತಗಳು ಇಳಿಮುಖವಾಗಿದ್ದು ಕಳೆದ ವಾರ ಒಂದು ಗೋಲು ಹೇಗೋ ಸಿಕ್ಕಿ ಗೆದ್ದಿದ್ದರೆ, ಕಾಯಿಲೆ ಆಗಲೇ ಶುರುವಾಗಿತ್ತು, ಈ ಸೋಲು ಅದನ್ನು ತೋರಿಸಿತು ಅಷ್ಟೇ.

ಸರಿಪಡಿಸಬೇಕಾದ ಅಂಶಗಳಲ್ಲಿ ಎರಡನ್ನು ಮಾತ್ರ ಆರಿಸಿ. ಒಂದು ವಾರದ ಅಭ್ಯಾಸದಲ್ಲಿ ಅದಕ್ಕಿಂತ ಹೆಚ್ಚು ತುರುಕಿದರೆ ಯಾವುದೂ ನಾಟುವುದಿಲ್ಲ. ನಮ್ಮ ತಂಡಕ್ಕೆ ನಾನಾದರೆ ಬದಿಯಿಂದ ಬದಿಗೆ ಚೆಂಡನ್ನು ಎರಡೇ ಪಾಸ್‌ಗಳಲ್ಲಿ ಸಾಗಿಸುವುದನ್ನು, ವಿಂಗರ್ ಚೆಂಡು ಪಡೆದ ಕೂಡಲೇ ಬ್ಯಾಕ್ ಅವನ ಹೊರಗಿನಿಂದ ಓಡುವುದನ್ನು ಆರಿಸುತ್ತೇನೆ. ಎಂಟು ಜನ ದಾಳಿಗೆ, ಎಂಟು ಜನ ರಕ್ಷಣೆಗೆ, ಬಾಕ್ಸ್ ಅಂಚಿನ ಹಿಂದಿನಿಂದ ಎತ್ತಿ ಹಾಕಿದ ಕ್ರಾಸ್‌ನಿಂದ ಬಂದ ಗೋಲಿಗೆ ಲೆಕ್ಕವಿಲ್ಲ ಎಂಬ ನಿಯಮದ ಆಟ ಆಡಿಸಿದರೆ ಎರಡೂ ಒಟ್ಟಿಗೆ ಅಭ್ಯಾಸವಾಗುತ್ತವೆ. ಗುಂಡು ಹೊಡೆದಂತೆ ಗೋಲಿಗೆ ಚೆಂಡು ಒದೆಯುವ ಸಾಲು ಅಭ್ಯಾಸವನ್ನು ಈ ವಾರ ಬಿಟ್ಟುಬಿಡಿ, ಈ ತಂಡದ ಕೊರತೆ ಅದಲ್ಲ.

ಮುಂದಿನ ಪಂದ್ಯದ ವಿಡಿಯೊ ಬಂದಾಗ ಇಡೀ ಪಟ್ಟಿಯನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ದೂರದಿಂದ ಎತ್ತಿ ಹಾಕಿದ ಕ್ರಾಸ್‌ಗಳು 15ರಿಂದ ಎಷ್ಟಕ್ಕೆ ಇಳಿದವು, ಗೋಲು ಗೆರೆಯಿಂದ ಹಿಂದಕ್ಕೆ ಕೊಟ್ಟವು 5ರಿಂದ ಎಷ್ಟಕ್ಕೆ ಏರಿದವು ಎಂಬ ಎರಡೇ ಅಂಕಣ ತುಂಬಿ. ಆ ಪಂದ್ಯವನ್ನು ಗೆದ್ದಿದ್ದರೂ ಸರಿಯೇ.